ಕೊನೆಯ ಬೆಂಚಿನ ಮೇಡಂ

ಮಳೆಗಾಲ ಹಿಂದೆ ಸರಿದು ಚಳಿ ಇನ್ನೂ ಬಾರದಿದ್ದ ದಿನಗಳು. ಅವತ್ತು ಸೋಮವಾರ, ಬೀದಿ ದೀಪ ಹತ್ತುವ ಹೊತ್ತು. ಕಾಲೇಜಿನಿಂದ ಬಂದ ನನ್ನ ಸೊಸೆ ಒಳಗೆ ಬರಲಿಲ್ಲ. ಚಪ್ಪಲಿ ಬಿಡದೆ, ಹೆಗಲಿನ ಚೀಲ ಇಳಿಸದೆ, ಮೆಟ್ಟಿಲ ಮೇಲೆ ಹಾಗೇ ಕೂತಳು.

ನಮ್ಮದು ಮುಂದೆ ಪಂಚರ್ ಅಂಗಡಿ, ಹಿಂದೆ ಎರಡು ಕೋಣೆಯ ಮನೆ. ಅಂಗಡಿ ನನ್ನ ಮಗನದು. ಸೊಸೆ ಮೊದಲು ಆಸ್ಪತ್ರೆಯ ಕೌಂಟರಿನಲ್ಲಿ ಕೂತು, ಬಂದವರ ಹೆಸರು ಕಂಪ್ಯೂಟರಿಗೆ ಹಾಕಿ ಚೀಟಿ ಕೊಡುತ್ತಿದ್ದಳು. ಈ ಪೆಟ್ಟಿಗೆಯೊಳಗೆ ಇದನ್ನೆಲ್ಲ ಯಾರು ಜೋಡಿಸಿದರು, ಹೇಗೆ ಜೋಡಿಸಿದರು ಅನ್ನುವ ಹುಳ ಅಲ್ಲೇ ಅವಳ ತಲೆ ಹೊಕ್ಕಿತು. ಮೂವತ್ತು ದಾಟಿದ ಮೇಲೆ ಮಾಹಿತಿ ತಂತ್ರಜ್ಞಾನದ ಪದವಿಗೆ ಸೇರಿದಳು.

ನಾನು ಓದಿದ್ದು ಅಷ್ಟಕ್ಕಷ್ಟೇ. ಆದರೂ ಸಂಜೆ ಬೆಳ್ಳುಳ್ಳಿ ಬಿಡಿಸುತ್ತಾ ಅವಳ ಪಾಠ ಕೇಳುತ್ತಿದ್ದೆ. ಪ್ರೋಗ್ರಾಂ ಅಂದರೆ ಯಂತ್ರಕ್ಕೆ ಹೇಳುವ ಮಾತಂತೆ. ಒಂದೊಂದನ್ನೂ ಬಿಡಿಸಿ ಹೇಳಬೇಕಂತೆ. ನಡುವೆ ಒಂದು ಬಿಟ್ಟರೂ ಅದು ತಾನಾಗಿ ಊಹಿಸಿಕೊಳ್ಳುವುದಿಲ್ಲವಂತೆ.

"ನಿನ್ನ ಗಂಡನ ಹಾಗೆ ಅನ್ನು" ಅಂದೆ. ಬಿದ್ದು ಬಿದ್ದು ನಕ್ಕಳು.

ಬರಬರುತ್ತಾ ಪಾಠ ಹೇಳುವುದು ಕಮ್ಮಿಯಾಯಿತು. ನಗುವುದೂ ಕಮ್ಮಿಯಾಯಿತು. ಎಲ್ಲಿ ಊಟ ಮಾಡಿದೆ ಅಂದರೆ "ಮಹಡಿ ಮೆಟ್ಟಿಲ ಕೆಳಗೆ ಅತ್ತೆ, ಅಲ್ಲಿ ಗಾಳಿ ಚೆನ್ನಾಗಿದೆ" ಅನ್ನುತ್ತಿದ್ದಳು. ಮೆಟ್ಟಿಲ ಕೆಳಗೆ ಎಂಥ ಗಾಳಿ! ನಾನು ಕೆದಕಲಿಲ್ಲ.

ಆ ಸಂಜೆ ತಾನಾಗೇ ಬಾಯಿಬಿಟ್ಟಳು. "ಅತ್ತೆ, ನಾನು ಕಾಲೇಜು ಬಿಡ್ತೀನಿ."

"ಪಾಠ ತಲೆಗೆ ಹತ್ತುತ್ತಿಲ್ವಾ?"

"ಪಾಠ ಹತ್ತುತ್ತೆ. ಜನ ಹತ್ತುತ್ತಿಲ್ಲ. ಪ್ರಾಜೆಕ್ಟ್ ಅಂತ ಒಂದಿದೆ, ನಾಲ್ಕು ಜನ ಸೇರಿ ಮಾಡಬೇಕು. ಶುಕ್ರವಾರದೊಳಗೆ ತಂಡದವರ ಹೆಸರು ಕೊಡಬೇಕು. ಎಲ್ಲರಿಗೂ ತಂಡ ಆಯ್ತು. ನನ್ನನ್ನ ಒಬ್ಬರೂ ಕರೀಲಿಲ್ಲ. ಪ್ರಾಜೆಕ್ಟ್ ಇಲ್ಲದಿದ್ರೆ ಮುಂದಕ್ಕೆ ಹೋಗೋ ಹಾಗಿಲ್ಲ."

ನನ್ನ ಮಗ ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಗುಳ್ಳೆ ಎಲ್ಲಿ ಏಳುತ್ತದೆ ಅಂತ ನೋಡುತ್ತಿದ್ದ. ತಲೆ ಎತ್ತದೆ ಅಂದ, "ನಾನು ಮೊದಲೇ ಬಡ್ಕೊಂಡೆ. ಮೀಸೆ ಮೂಡದ ಹುಡುಗರ ಮಧ್ಯೆ ನಿನಗೇನು ಕೆಲಸ? ಸುಮ್ಮನೆ ಬಿಟ್ಟು ಬಾ."

ಆ ಟ್ಯೂಬು ಲ್ಯಾಬ್ ಅಕ್ಕನ ಸ್ಕೂಟರಿನದು. ಅದೇ ಕಾಲೇಜಿನ ಕಂಪ್ಯೂಟರ್ ಕೋಣೆ ನೋಡಿಕೊಳ್ಳುವವಳು, ಎಲ್ಲರ ಬಾಯಲ್ಲೂ ಲ್ಯಾಬ್ ಅಕ್ಕ. ಪಂಚರ್ ಹಾಕಿಸಲು ಬಂದವಳು ನಿಂತು ಎಲ್ಲ ಕೇಳಿಸಿಕೊಂಡಳು.

"ಪ್ರಾಜೆಕ್ಟ್ ಮೇಷ್ಟ್ರನ್ನ ಕೇಳಿದ್ರಾ?"

"ಇಲ್ಲ."

"ಹೋಗಲಿ, ತರಗತಿಯ ಯಾವುದಾದರೂ ಹುಡುಗಿಯನ್ನ?"

"ಹೇಗೆ ಕೇಳಲಿ ಅಕ್ಕಾ? ನಾನು ಹತ್ತಿರ ಹೋದ್ರೆ ಮಾತು ನಿಂತುಹೋಗುತ್ತೆ. ಮೊಬೈಲ್ ಬೆಂಚಿನ ಕೆಳಗೆ ಹೋಗುತ್ತೆ. ನಾನೇನು ಅಂಥ ತಪ್ಪು ಮಾಡಿದೀನಿ?"

ಲ್ಯಾಬ್ ಅಕ್ಕ ಹುಬ್ಬು ಗಂಟಿಕ್ಕಿದಳು. "ಮೊಬೈಲ್ ಮುಚ್ಚಿಡ್ತಾರಾ? ಅದು ಮೇಷ್ಟ್ರು ಬಂದಾಗ ಮಾಡೋ ಕೆಲಸ. ನೀವು ಮೊದಲ ದಿನ ತರಗತಿಗೆ ಹೋದಾಗ ಏನಾಯ್ತು?"

"ಏನಿಲ್ಲ. ನಾನು ಎಲ್ಲರಿಗಿಂತ ತಡವಾಗಿ ಸೇರಿದವಳು. ಸೀರೆ ಉಟ್ಟಿದ್ದೆ, ಕೈಯಲ್ಲಿ ಫೈಲ್ ಇತ್ತು. ಒಳಗೆ ಕಾಲಿಟ್ಟೆ, ಎಲ್ಲರೂ ಎದ್ದು ನಿಂತು ಗುಡ್ ಮಾರ್ನಿಂಗ್ ಮೇಡಂ ಅಂದ್ರು."

"ಆಗ ನೀವು?"

"ನಾಚಿಕೆಯಾಯ್ತು. ಅಷ್ಟು ಮಕ್ಕಳು ನಿಂತಿದ್ರಲ್ಲ, ಕೂತ್ಕೊಳ್ಳಿ ಅಂದೆ. ಹೋಗಿ ಕೊನೆಯ ಬೆಂಚಲ್ಲಿ ಕೂತೆ."

ಲ್ಯಾಬ್ ಅಕ್ಕ ನಕ್ಕ ನಗೆಗೆ ಸ್ಕೂಟರ್ ಹಿಡಿದುಕೊಳ್ಳಬೇಕಾಯಿತು. "ಅಯ್ಯೋ ತಾಯಿ! ಅಲ್ಲಿ ಹಾಜರಿನೂ ಕೂಗಲ್ಲ, ಬಾಗಿಲಲ್ಲಿರೋ ಯಂತ್ರಕ್ಕೆ ಬೆರಳು ಒತ್ತಿದರೆ ಮುಗೀತು. ಕೊನೆಯ ಬೆಂಚಿನ ಮೇಡಂ ಇವತ್ತು ಬಂದಿದ್ದಾರಾ ಅಂತ ಹುಡುಗರು ನನ್ನ ಹತ್ತಿರ ಪಿಸುಗುಡ್ತಿದ್ರು. ಯಾರೋ ಹೊಸ ಮೇಷ್ಟ್ರಮ್ಮ ಅಂದ್ಕೊಂಡಿದ್ದೆ. ಅದು ನೀವೇನಾ! ನೀವು ತರಗತಿ ಹೇಗೆ ನಡೆಯುತ್ತೆ ಅಂತ ನೋಡಿ ಮೇಲಕ್ಕೆ ಚಾಡಿ ಹೇಳೋಕೆ ಬಂದವರು ಅಂತ ಅವರಿಗೆ ಭಯ."

ನಗು ಬಂದದ್ದು ನಮಗೆ. ಅವಳಿಗೆ ಬರಲಿಲ್ಲ. ಸೆರಗನ್ನು ಬಾಯಿಗಿಟ್ಟುಕೊಂಡು ಅತ್ತಳು. ತಿಂಗಳುಗಟ್ಟಲೆ ಮೆಟ್ಟಿಲ ಕೆಳಗೆ ಒಬ್ಬಳೇ ಉಂಡವಳು ಅವಳು ತಾನೆ.

"ಈಗ ಹೇಳಿದ್ರೆ ಹುಡುಗರು ನಗ್ತಾರೆ" ಅಂದ ನನ್ನ ಮಗ. "ಇರೋ ಮರ್ಯಾದೆನೂ ಹೋಗುತ್ತೆ."

"ನಗಲಿ ಬಿಡಣ್ಣ" ಅಂದಳು ಲ್ಯಾಬ್ ಅಕ್ಕ. "ನಗೋರ ಜೊತೆ ಕೂತು ಊಟ ಮಾಡಬಹುದು. ಹೆದರೋರ ಜೊತೆ ಆಗುತ್ತಾ? ನಾಳೆ ಬೆಳಿಗ್ಗೆ ಎದ್ದು ನಿಂತು ಹೇಳಿಬಿಡಲಿ. ತಂಡ ಸಿಗದಿದ್ರೆ ಮೇಷ್ಟ್ರ ಹತ್ತಿರ ಹೋಗಲಿ. ತಂಡ ಇಲ್ಲದವರನ್ನ ಸೇರಿಸೋದು ಅವರ ಕೆಲಸವೇ. ಆದರೆ ಕೇಳಿದವರಿಗೆ ಮಾತ್ರ ಮಾಡ್ತಾರೆ, ಕೇಳದವರದು ಗೊತ್ತೇ ಆಗಲ್ಲ."

ಮಂಗಳವಾರ ಮೇಷ್ಟ್ರು ಬರುವ ಮೊದಲು ಅವಳು ಎದ್ದು ನಿಂತಳಂತೆ. "ನಾನು ಮೇಡಂ ಅಲ್ಲ. ನಾನೂ ನಿಮ್ಮ ಹಾಗೇ ಪರೀಕ್ಷೆ ಬರೀಬೇಕು. ನನಗೆ ತಂಡ ಇಲ್ಲ."

ಗುಂಗುರು ಕೂದಲಿನ ಹುಡುಗನೊಬ್ಬ ಕೇಳಿದನಂತೆ, "ಹಾಗಾದ್ರೆ ಅವತ್ತು ನಮ್ಮನ್ನೆಲ್ಲ ಕೂರಿಸಿದ್ದು ಯಾವ ಅಧಿಕಾರದಲ್ಲಿ?" ಗೊಳ್ಳೆಂದು ಎಲ್ಲರೂ ನಕ್ಕರಂತೆ. ಅವನೇ ಮತ್ತೆ, "ನಾವು ಮೂರು ಜನ ಇದ್ದೀವಿ ಅಕ್ಕ, ನಾಲ್ಕನೆಯವರು ಸಿಕ್ಕಿಲ್ಲ. ಬನ್ನಿ. ನಮ್ಮ ಮೇಲೆ ಚಾಡಿ ಹೇಳಿಲ್ಲ ತಾನೆ?"

ಭಾನುವಾರ ಮೂವರೂ ನಮ್ಮ ಮನೆಗೆ ಬಂದರು. ಕುರ್ಚಿ ಸಾಲದೆ ಟೈರಿನ ಮೇಲೆ ಕೂತರು. ಆಸ್ಪತ್ರೆಗೆ ಹೋದವರಿಗೆ ತಮ್ಮ ಮುಂದೆ ಎಷ್ಟು ಜನ ಇದ್ದಾರೆ ಅಂತ ಮೊಬೈಲಿನಲ್ಲೇ ತೋರಿಸುವಂಥದ್ದೇನೋ ಮಾಡುತ್ತಾರಂತೆ. ಹುಡುಗರ ಬೆರಳು ಲ್ಯಾಪ್‌ಟಾಪಿನ ಕೀಲಿಗಳ ಮೇಲೆ ಓಡುತ್ತಿತ್ತು. ಕೌಂಟರಿನಲ್ಲಿ ಏನು ನಡೆಯುತ್ತದೆ ಅನ್ನುವುದು ಮಾತ್ರ ಅವರಿಗೆ ಗೊತ್ತಿರಲಿಲ್ಲ. ಇವಳಿಗೆ ಗೊತ್ತಿತ್ತು.

"ಚೀಟಿ ತಗೊಂಡವರು ಎದ್ದು ಟೀ ಕುಡಿಯೋಕೆ ಹೋದ್ರೆ?" ಅಂದ ಗುಂಗುರು ಕೂದಲಿನವನು.

"ಅವರನ್ನ ತೆಗೆದುಹಾಕಬಾರದು, ಸ್ವಲ್ಪ ಹಿಂದಕ್ಕೆ ಹಾಕಬೇಕು" ಅಂದಳು.

"ಹಿಂದಕ್ಕೆ ಅಂದ್ರೆ ತೀರಾ ಕೊನೆಗೆ ಹಾಕಬೇಡ್ರಪ್ಪ" ಅಂತ ಅಂಗಡಿಯಿಂದ ಕೂಗಿದವನು ನನ್ನ ಮಗ! "ನಮ್ಮಮ್ಮನ ಮಂಡಿ ನೋವಿಗೆ ಹೋದಾಗ ಹಾಗೇ ಮಾಡಿ ಸಾಯಿಸಿದ್ರು."

ಹುಡುಗರು ಹೊರಟ ಮೇಲೆ ಅವನು ಕೈ ಒರೆಸಿಕೊಳ್ಳುತ್ತಾ ಹೆಂಡತಿಯ ಹತ್ತಿರ ಬಂದ. ಆಮೇಲೆ ಅಂದ, "ಪರೀಕ್ಷೆ ಮುಗಿಯೋವರೆಗೂ ಸಂಜೆ ಅಡಿಗೆ ನಾನು ನೋಡ್ಕೊಳ್ತೀನಿ. ಉಪ್ಪು ಹೆಚ್ಚುಕಮ್ಮಿ ಆದ್ರೆ ಅತ್ತೆ ಸೊಸೆ ಇಬ್ಬರೂ ತುಟಿ ಪಿಟಕ್ಕೆನ್ನಬಾರದು."

ಎಲ್ಲ ಸರಿಹೋಯಿತು ಅಂತ ನಾನು ಹೇಳುವುದಿಲ್ಲ. ಪಾಠ ಮುಗಿದ ಮೇಲೆ ಹುಡುಗರು ಸಿನಿಮಾಕ್ಕೆ ಹೋಗುತ್ತಾರೆ, ಇವಳು ಒಬ್ಬಳೇ ನಡೆದು ಮನೆಗೆ ಬರುತ್ತಾಳೆ. ವಯಸ್ಸಿನ ನಡುವಿನ ಆ ದೂರವನ್ನು ಯಾರೂ ಅಳಿಸಲಾರರು. ಆದರೆ ಬಿಡುತ್ತೇನೆ ಅನ್ನುವ ಮಾತು ಮತ್ತೆ ಅವಳ ಬಾಯಲ್ಲಿ ಬಂದಿಲ್ಲ.

ಮುಂದಿನ ವಾರ ಲ್ಯಾಬ್ ಅಕ್ಕ ಮತ್ತೆ ಬಂದಳು. ಈ ಸಲ ಅವಳ ಮುಖ ಸಪ್ಪಗಿತ್ತು. "ಪಕ್ಕದ ತರಗತಿಯಲ್ಲಿ ನಿಮ್ಮ ಹಾಗೇ ಒಬ್ಬರಿದ್ರು. ಮನೆಗಳ ವೈರಿಂಗ್ ಕೆಲಸ ಮಾಡ್ಕೊಂಡು ಓದ್ತಿದ್ದೋರು. ಅವರಿಗೂ ತಂಡ ಸಿಗಲಿಲ್ಲವಂತೆ. ಪ್ರಮಾಣಪತ್ರ ವಾಪಸ್ ತಗೊಂಡು ಹೊರಟುಹೋದ್ರಂತೆ. ನನಗೆ ಇವತ್ತು ಗೊತ್ತಾಯ್ತು."

ನನ್ನ ಸೊಸೆ ಕೈಯಲ್ಲಿದ್ದ ಲೋಟ ಕೆಳಗಿಟ್ಟಳು. "ನರೆತ ಮೀಸೆಯವರಾ? ಕ್ಯಾಂಟೀನಿನ ಮೂಲೆಯಲ್ಲಿ ಒಬ್ಬರೇ ಕೂರ್ತಿದ್ರು. ಮೆಟ್ಟಿಲ ಕಡೆ ಹೋಗುವಾಗ ದಿನಾ ನೋಡ್ತಿದ್ದೆ ಅಕ್ಕಾ. ನಾನು ಅವರನ್ನ ಮೇಷ್ಟ್ರು ಅಂದ್ಕೊಂಡಿದ್ದೆ."

ಇದನ್ನು ಓದುತ್ತಿರುವವರೇ, ಕೇಳುತ್ತಿರುವವರೇ, ನಿಮ್ಮ ಮನೆಯಲ್ಲಿ ಯಾರಾದರೂ ದೊಡ್ಡ ವಯಸ್ಸಿನಲ್ಲಿ ಓದಲು ಹೊರಟಿದ್ದರೆ ಎಷ್ಟು ಅಂಕ ಬಂತು ಅಂತ ಆಮೇಲೆ ಕೇಳಿ. ಊಟ ಯಾರ ಜೊತೆ ಮಾಡಿದೆ ಅಂತ ಮೊದಲು ಕೇಳಿ. ನೀವೇ ಓದುವವರಾಗಿದ್ದರೆ, ಬಿಡುವ ಯೋಚನೆ ಬಂದ ದಿನ ಅದನ್ನು ನುಂಗಿಕೊಂಡು ಮನೆಗೆ ಬರಬೇಡಿ. ಮೇಷ್ಟ್ರಿಗೆ ಹೇಳಿ, ಪಕ್ಕದವರಿಗೆ ಹೇಳಿ, ಬಾಗಿಲಲ್ಲಿ ಕೂತವರಿಗಾದರೂ ಹೇಳಿ. ನಿಮ್ಮ ತರಗತಿಯ ಮೂಲೆಯಲ್ಲಿ ಯಾರಾದರೂ ಒಬ್ಬರೇ ಕೂತಿದ್ದರೆ, ಅವರು ಯಾರು ಅಂತ ನೀವೇ ಊಹಿಸಿಕೊಳ್ಳಬೇಡಿ. ಎದ್ದು ಹೋಗಿ ಕೇಳಿ. ಇವತ್ತೇ ಕೇಳಿ.

ಆ ವೈರಿಂಗ್ ಕೆಲಸದವರು ಹೋದದ್ದು ಮಂಗಳವಾರ. ನನ್ನ ಸೊಸೆ ಗೋಡೆಯ ಈಚೆ ಎದ್ದು ನಿಂತು ನಾಲ್ಕು ಮಾತಾಡಿದಳಲ್ಲ, ಅದೇ ಮಂಗಳವಾರ.