ಮಾಲತೇಶಪ್ಪನ ನಂಬರು

ಬಿಗೀತು, ಇನ್ನೂ ಬಿಗೀತು, ತೋಳಿಗೆ ಸುತ್ತಿದ ಪಟ್ಟಿಯೊಳಗೆ ಗಾಳಿ ತುಂಬಿದಂತೆಲ್ಲ ಮಾಲತೇಶಪ್ಪನ ಬೆರಳ ತುದಿ ಜುಮ್ಮೆನ್ನುತ್ತಿದೆ, ಗಾಜಿನ ಕೊಳವೆಯಲ್ಲಿ ಪಾದರಸ ಏರುತ್ತಿದೆ, ಏರಲಿ ಬಿಡು, ಎಷ್ಟು ಜನರ ತೋಳಿಗೆ ಇದೇ ಪಟ್ಟಿ ಸುತ್ತಿದ್ದನ್ನು ಪಕ್ಕದ ಮೇಜಿನಲ್ಲಿ ಕೂತು ನೋಡಿದವನಲ್ಲವೇ ಅವನು, ದಾವಣಗೆರೆಯ ಈ ಆಸ್ಪತ್ರೆಯ ಹಂಗಾಮಿ ಗುಮಾಸ್ತ, ಡಾಕ್ಟರು ಹೇಳಿದ ಕಾಯಿಲೆಗೆ ದಪ್ಪ ಪುಸ್ತಕದ ಪ್ರಕಾರ ನಂಬರು ಹಚ್ಚುವವನು, ಮಲೇರಿಯಕ್ಕೊಂದು, ಕ್ಷಯಕ್ಕೊಂದು, ರಕ್ತದೊತ್ತಡ ಹೃದಯಕ್ಕೆ ತಗುಲಿದ್ದರೆ ಒಂದು, ತಗುಲದಿದ್ದರೆ ನಾನೂರ ನಲವತ್ನಾಲ್ಕು — ಲೋಕದಾಗೆ ಎಲ್ಲಾ ಕಡೆ ಇವೇ ನಂಬರಂತ್ರಿ ಅಮ್ಮಾರೆ ಎಂದಾಗ ಡಾಕ್ಟರ್ ಕಸ್ತೂರಮ್ಮ ನಕ್ಕಿದ್ದರು, ಹಂಗಾದ್ರೆ ನಮ್ಮ ಕುಕ್ಕುವಾಡದ ಕೆಂಚವ್ವನ ಒತ್ತಡ ಲಂಡನ್ನಿನ ಲೆಕ್ಕಕ್ಕೂ ಸೇರ್ತೈತೆ ಅನ್ರಿ — ಆ ನಗು, ಎದುರು ಕೂತಿದ್ದ ಕೆಂಚವ್ವನೂ ಜೊತೆಗೆ ನಕ್ಕಳು, ಏನೆಂದು ತಿಳಿಯದಿದ್ದರೂ ನಕ್ಕಳು, ಎಂಥ ಹೆಂಗಸಪ್ಪ ಇವರು, ಇವರ ಎದುರು ಕಾಯಿಲೆಯವರಿಗೂ ನಗು ಬರುತ್ತದೆ. ಇವತ್ತು ಮಾತ್ರ ಅವನಿಗೆ ಬರುತ್ತಿಲ್ಲ. ಹಂಗಾಮಿ ಹೋಗಿ ಕಾಯಂ ಆಗಬೇಕಾದರೆ ಆರೋಗ್ಯದ ಸರ್ಟಿಫಿಕೇಟು ಬೇಕು, ಅದರಲ್ಲಿ ಕಾಯಿಲೆಯ ಹೆಸರು ಬರೆಯುವ ಜಾಗವೇ ಇಲ್ಲ, ನಂಬರಿಗೊಂದು ಚೌಕ ಅಷ್ಟೇ, ಒತ್ತಡದ ನಂಬರು ಬಿದ್ದರೆ ಮೇಲಿನವರು ಮುಂದಕ್ಕೆ ಓದುವುದಿಲ್ಲ, ಮನೆಗೆ ಕಳಿಸುತ್ತಾರೆ, ಮನೆಯೆಂದರೆ ವಿನೋಬನಗರದ ಬಾಡಿಗೆ ಕೋಣೆ, ಬೆಳಿಗ್ಗೆ ಹೊಸ್ತಿಲಲ್ಲಿ ಹೆಂಡತಿ ಉಡಚಮ್ಮ ತುಂಬಿದ ಬಸುರಿ, ಇವತ್ತೊಂದಿನ ಉಪ್ಪಿನಕಾಯಿ ಮುಟ್ಟಬ್ಯಾಡ್ರಿ, ಆ ಮಿಷನ್ನಿಗೆ ಗೊತ್ತಾಗ್ತೈತಂತೆ, ಅವಳ ತಲೆ, ಮಿಷನ್ನಿಗೆ ವಾಸನೆ ಬರುತ್ತದೆಯೇ, ಆದರೂ ಅವನು ಮುಟ್ಟಲಿಲ್ಲ.

ಉಸ್ಸೆಂದು ಗಾಳಿ ಹೋಯಿತು, ಪಟ್ಟಿ ಸಡಿಲಾಯಿತು, ಕಸ್ತೂರಮ್ಮ ಪಟ್ಟಿಯನ್ನು ಮತ್ತೆ ಸರಿಯಾಗಿ ಸುತ್ತಿದರು, ಇನ್ನೊಮ್ಮೆ ನೋಡಾಣ, ಸುಮ್ಮನೆ ಕೂಡ್ರಿ. ಜಾಸ್ತಿ ಬಂದಿದೆ, ಇಲ್ಲದಿದ್ದರೆ ಇನ್ನೊಮ್ಮೆ ಯಾಕ, ಇರಲಿ, ಒಂದೇ ಸಲಕ್ಕೆ ನಂಬುವವರಲ್ಲ ಇವರು, ಹರಿಹರದ ಅಜ್ಜಪ್ಪನ ಮೇಲೆ ಕಲಿತದ್ದು ಅದು, ಹತ್ತಿ ಮಂಡಿಯ ಹಮಾಲ ಅಜ್ಜಪ್ಪ, ಒತ್ತಡ ಜಾಸ್ತಿ ಐತೆ ಎಂದು ಇವರೇ ಬರೆದುಕೊಟ್ಟರು, ಸಾವ್ಕಾರ ಅವನನ್ನು ಹತ್ತಿ ಮೂಟೆಯ ಅಂಡಿಗೆ ಹೊರುವುದರಿಂದ ಬಿಡಿಸಿ ಕೂರಿಸಿದ, ಆಮೇಲೊಂದು ದಿನ ಬೇರೊಬ್ಬ ಹಮಾಲನ ತೋಳಿಗೆ ಪಟ್ಟಿ ಸುತ್ತುತ್ತಿದ್ದವರು ತಟ್ಟನೆ ಕೈ ನಿಲ್ಲಿಸಿ ಅವನ ಎದೆಯನ್ನೇ ನೋಡಿದರು, ಎದೆ ಅಲ್ಲಾಡುತ್ತಿಲ್ಲ, ಅಯ್ಯೋ ಮಾಲತೇಶಪ್ಪ, ಈ ಹಮಾಲ್ರು ಉಸಿರು ಕಟ್ಟತಾರ್ರೀ, ತೋಳು ಬಿಗೀತಂದ್ರೆ ಬೆನ್ನ ಮೇಲೆ ಅಂಡಿಗೆ ಬಂತು ಅಂತ ಮೈಗೆ ಅನಿಸ್ತೈತೆ — ಅವತ್ತೇ ಹರಿಹರದ ಬಸ್ಸು ಹತ್ತಿದರು, ಪಾದರಸದ ಪೆಟ್ಟಿಗೆ ಇವನ ತೊಡೆಯ ಮೇಲೆ, ತುಂಗಭದ್ರೆಯ ಗಾಳಿ ಮುಖಕ್ಕೆ, ಮಂಡಿಯಲ್ಲಿ ಎಲ್ಲರೆದುರು ಹತ್ತಿಯ ಅಂಡಿಗೆಯ ಮೇಲೆ ಕೂತೇಬಿಟ್ಟರು ಡಾಕ್ಟರಮ್ಮ, ತಪ್ಪು ನಂದು ಅಜ್ಜಪ್ಪ, ಬರ್ರಿ, ನಿಮ್ಮ ಎತ್ತಿನ ಸುದ್ದಿ ಹೇಳ್ರಿ, ಅವನು ಎತ್ತಿನ ಕೊಂಬು ಬಣ್ಣಿಸುತ್ತಿದ್ದ, ಪಾದರಸ ಸರಾಗ ಇಳಿಯಿತು. ಬರೆದದ್ದನ್ನು ಹೊಡೆದುಹಾಕಿ ಪಕ್ಕದಲ್ಲಿ ಸಹಿ. ಡಾಕ್ಟ್ರೇ ತಪ್ಪು ಅಂದ್ರೆ ಹೆಂಗ್ರೀ ನಂಬೋದು ಎಂದ ಸಾವ್ಕಾರ, ತಪ್ಪು ಅಂದಿದ್ದಕ್ಕೇ ನಂಬ್ರಿ ಎಂದರು ಇವರು, ಮಾಲತೇಶಪ್ಪನ ಮೈ ಜುಂ ಎಂದಿತ್ತು, ಸಾವಿರ ಜನರ ಮುಂದೆ ಕೂಗಿ ಹೇಳಬೇಕೆನಿಸಿತ್ತು, ನೋಡ್ರಪ್ಪ, ಇವರು ನಮ್ಮ ಡಾಕ್ಟ್ರು.

ಹೆರಿಗೆ ಯಾವಾಗ್ರಿ, ಮುಂದಿನ ತಿಂಗಳು ಅಮ್ಮಾರೆ, ಹೆಣ್ಣಾದ್ರೆ ಹೆಸರೇನಿಡ್ತೀರಿ, ಮಾತಾಡಿಸುತ್ತಿದ್ದಾರೆ, ಅವನಿಗೆ ಗೊತ್ತು ಯಾಕೆಂದು, ಉಸಿರು ಸರಾಗ ಬಿಡುತ್ತಿದ್ದಾನೆ, ಅವನೇನು ಅಂಡಿಗೆ ಹೊತ್ತವನೇ, ಆದರೂ ಪಾದರಸ ಅದೇ ಎತ್ತರದಲ್ಲಿ ಮಿಡಿಯುತ್ತದೆ, ಮತ್ತೊಮ್ಮೆ, ಮತ್ತೂ ಅಲ್ಲೇ. ಎದೆಗೆ ಸ್ಟೆತಾಸ್ಕೋಪು ಇಟ್ಟು ಬಹಳ ಹೊತ್ತು ಕೇಳಿದರು. ಹೋದ ವಾರನೂ ಹಿಂಗೇ ಇತ್ತು. ಎದೆ ಚೊಲೋ ಐತೆ, ಒತ್ತಡ ಮಾತ್ರ ಇಳೀವಲ್ದು, ಔಷಧ ಕೊಡ್ತೀನಿ, ಹೆದರಬ್ಯಾಡ್ರಿ. ಪೆನ್ನಿನ ಟೋಪಿ ಬಿಚ್ಚಿ ಚೌಕದ ಮೇಲೆ ನಿಬ್ಬು ಹಿಡಿದರು. ನಂಬರು ಹೇಳ್ರಿ ಮಾಲತೇಶಪ್ಪ.

ಅವನನ್ನೇ ಕೇಳಿದರು, ದಿನಾ ಕೇಳುವ ಹಾಗೆ, ಕೈಯಳತೆಯಲ್ಲೇ ಇದ್ದ ಪುಸ್ತಕದ ಕಡೆ ಕಣ್ಣೂ ಹಾಯಿಸದೆ, ಎಂದಾದರೂ ತಿರುವಿ ನೋಡಿದ್ದಾರೆಯೇ ಅವರು, ಅವನು ಏನಂದರೆ ಅದು, ನಿಬ್ಬು ಕಾಯುತ್ತಿದೆ, ಬರಿ ತಲೆನೋವಿಗೂ ಒಂದು ನಂಬರಿದೆ, ನಾಲಗೆಯ ತುದಿಯಲ್ಲೇ ಇದೆ, ಯಾರಿಗೂ ತೊಂದರೆಯಿಲ್ಲದ ಬಡಪಾಯಿ ನಂಬರು, ಅಂದರೆ ಬರೆಯುತ್ತಾರೆ, ಕಾಯಂ ಆಗುತ್ತದೆ, ಉಡಚಮ್ಮ ಊರಿಗೆಲ್ಲ ಸಕ್ಕರೆ ಹಂಚುತ್ತಾಳೆ, ಒತ್ತಡದ ಔಷಧ ಹೇಗೂ ಕೊಡುತ್ತಾರಲ್ಲ, ಯಾರ ಗಂಟು ಹೋಯಿತು — ಹೋಗುತ್ತದೆ, ಎಂದಾದರೂ ಯಾರಾದರೂ ಹಿಡಿದರೆ ಇವರೇ ಬಸ್ಸು ಹತ್ತುತ್ತಾರೆ, ಮೇಲಿನವರ ಎದುರು ನಿಂತು ತಪ್ಪು ನಂದು ಅನ್ನುತ್ತಾರೆ, ಅಂದೇ ಅನ್ನುತ್ತಾರೆ, ಅವನ ಹೆಸರೂ ಎತ್ತುವುದಿಲ್ಲ, ಆ ಬಾಯಲ್ಲಿ ತನ್ನ ಸುಳ್ಳಿಗೆ ಆ ಮಾತು ಬರುವುದೇ, ಥೂ, ನಿಬ್ಬು ಕಾಯುತ್ತಿದೆ, ನಾನೂರ ನಲವತ್ನಾಲ್ಕು ಅಮ್ಮಾರೆ, ಎಂದ, ದನಿ ಗಟ್ಟಿಯಾಗಿಯೇ ಬಂತು. ಕಸ್ತೂರಮ್ಮ ತಲೆಯೆತ್ತಲಿಲ್ಲ. ನಿಬ್ಬು ಚಲಿಸಿತು, ಒಂದು ನಾಲ್ಕು, ಅದರ ಪಕ್ಕ ಇನ್ನೊಂದು, ಮೂರನೆಯದರ ಕೊನೆಗೆ ಬಂದು ನಿಂತಿತು, ಈ ನಂಬರು ಬಿದ್ದರೆ ಅವನ ಕೆಲಸ ಹೋಗುತ್ತದೆಂದು ಅವರಿಗೂ ಗೊತ್ತು, ಕಾಗದ ಬಿಟ್ಟು ಏಳಲಿಲ್ಲ, ನಿಬ್ಬು ಊರಿದಲ್ಲೇ ಊರಿದೆ, ಅದರ ಸುತ್ತ ಶಾಯಿ ಹರಡುತ್ತಿದೆ, ಹರಡುತ್ತಿದೆ, ನಿಬ್ಬು ಏಳುತ್ತಿಲ್ಲ.