ಗುರಲಿಂಗಪ್ಪನ ಅಂಗಳದ ಫರಸಿ

ನಿಂಬೆಹಣ್ಣನ್ನೂ ಹಿಚುಕಿ ನೋಡದೆ ಕೊಳ್ಳದ ಮನುಷ್ಯ ಜೋರಾಪುರ ಪೇಟೆಯ ಗುರಲಿಂಗಪ್ಪ. ಆದರೆ ೧೯೭೫ರ ಬೇಸಿಗೆಯಲ್ಲಿ ಅಂಗಳಕ್ಕೆ ಫರಸಿಕಲ್ಲು ಹಾಸಿಸಲು ಎಲ್ಲರಿಗಿಂತ ಅಗ್ಗದ ಗೌಂಡಿ ಅಮೋಘಿಯನ್ನು ಕಣ್ಣುಮುಚ್ಚಿ ಹಿಡಿದು ತಂದ. ಉಳಿದ ಗೌಂಡಿಗಳು ಅಂಗಳದ ಎರೆಮಣ್ಣು ತೆಗೆದು, ಗಟ್ಟಿ ಗರಸುಮಣ್ಣು ತುಂಬಿ ಬಡಿಯಬೇಕು ಎಂದಿದ್ದರು.

"ಅದೆಲ್ಲಾ ಸುಮ್ಮನ ಖರ್ಚರಿ ಸಾವಕಾರ್ರ," ಎಂದ ಅಮೋಘಿ, ಎರೆಮಣ್ಣಿನ ಮೇಲೆಯೇ ಕಲ್ಲು ಜೋಡಿಸಿ ಹೋದ.

ಮಳೆ ಬಿತ್ತು. ಮಣ್ಣು ಉಬ್ಬಿ ಕಲ್ಲುಗಳೆಲ್ಲ ತೊಟ್ಟಿಲಿನಂತೆ ತೂಗತೊಡಗಿದವು. ಒಂದು ತುದಿ ತುಳಿದರೆ ಇನ್ನೊಂದು ತುದಿಯಿಂದ ಕರಿ ರಾಡಿ ಮೊಣಕಾಲೆತ್ತರ ಚಿಮ್ಮುತ್ತಿತ್ತು. ಮಗಳನ್ನು ನೋಡಲು ತಿಕೋಟಾದಿಂದ ಬಂದ ಗಂಡಿನ ಕಡೆಯವರು ಬಿಳಿ ಧೋತರದಲ್ಲಿ ಅಂಗಳಕ್ಕಿಳಿದು, ಚುಕ್ಕಿ ಧೋತರದಲ್ಲಿ ಕಟ್ಟೆ ಹತ್ತಿದರು. ಚಹಾ ಕೂಡ ಕುಡಿಯದೆ ಹೋದರು.

ಗುರಲಿಂಗಪ್ಪ ಕೆಂಡವಾಗಿ ಅಮೋಘಿಗೆ ಹೇಳಿ ಕಳಿಸಿದ. ಅಮೋಘಿ ಬಂದು, ಬಾಗಿಲಲ್ಲೇ ನಿಂತು ಫರಸಿಯನ್ನೊಮ್ಮೆ ನೋಡಿದ. ಆಮೇಲೆ ಚಪ್ಪಲಿ ಕೈಯಲ್ಲಿ ಹಿಡಿದು, ಗೋಡೆಯ ಪಕ್ಕದ ಕೆಸರಿನಲ್ಲಿ ಪಚಕ್ ಪಚಕ್ ಎಂದು ಕಾಲಿಡುತ್ತ ಕಟ್ಟೆಯ ಹತ್ತಿರ ಬಂದ.

"ಫರಸಿ ಬಿಟ್ಟು ರಾಡ್ಯಾಗ ಯಾಕ ಬಂದಿಲೇ?" ಗುರಲಿಂಗಪ್ಪ ಗುಡುಗಿದ.

"ಧೋತರ ಹೊಸಾದೈತ್ರಿ ಸಾವಕಾರ್ರ. ಫರಸಿ ಮ್ಯಾಲಿಂದ ಬಂದ್ರ ಹೊಲಸಾಗ್ತೈತಿ."