ಕೊಚ್ಚಪ್ಪಿ ವೈದ್ಯರ ಪಟ

ಸಮುದಾಯದ ಮಹನೀಯರ ಪಟಗಳನ್ನೆಲ್ಲ ಸಭಾಭವನದ ಗೋಡೆಗೆ ಹಾಕುವುದೆಂದು ನಮ್ಮ ಈಳವ ಜಾತಿ ಸಂಘದ ಊರ ಶಾಖೆಯವರು ತೀರ್ಮಾನಿಸಿದಾಗ ತಂಗಮಣಿ ಕೇಳಿದ್ದು ಒಂದೇ ಒಂದು ಮೊಳೆಯ ಜಾಗ, ತನ್ನಪ್ಪ ಕೊಚ್ಚಪ್ಪಿಯ ಪಟಕ್ಕೆ. ತಪ್ಪೇನು ಹೇಳಿ? ಕೀಳುಜಾತಿಯೆಂದು ನಮ್ಮ ಮಕ್ಕಳನ್ನು ಯಾವ ಶಾಲೆಯೂ ಹೊಸಿಲು ದಾಟಿಸದ ಕಾಲದಲ್ಲಿ, ಚೇರ್ತಲದ ಈ ಮರಳಿನಲ್ಲಿ ಅವನು ಕಳ್ಳಿಳಿಸಿದ ಸಂಪಾದನೆಯಲ್ಲೇ ಒಬ್ಬ ಮೇಷ್ಟ್ರನ್ನು ಸಾಕಿದ್ದ. ಈಗಿನ ಅಧ್ಯಕ್ಷ ಸುಗತನ್ ಸಾಹೇಬರ ಅಪ್ಪ ಬೆರಳಿಟ್ಟು ಅಕ್ಷರ ತಿದ್ದಿದ್ದೂ ಕೊಚ್ಚಪ್ಪಿಯ ಚಪ್ಪರದಡಿಯಲ್ಲೇ.

ಮನುಷ್ಯ ಎಂಥ ಮರ್ಯಾದಸ್ಥ ಅಂತೀರಿ! ತೆಂಗಿನ ತುದಿಯಿಂದ ಊರವರ ಬಚ್ಚಲು, ಕೊಳ ಎಲ್ಲ ಕಾಣುತ್ತವೆ. ಅದಕ್ಕೇ ಪ್ರತಿ ಮರ ಹತ್ತುವ ಮುಂಚೆ "ಕೂಯ್!" ಎಂದು ಕೂಗುತ್ತಿದ್ದ. ಸ್ನಾನಕ್ಕಿಳಿದವರು ಬಟ್ಟೆ ಸರಿಮಾಡಿಕೊಂಡ ಮೇಲೆಯೇ ಹತ್ತುತ್ತಿದ್ದ.

ಸೊಂಟದಲ್ಲಿ ಕತ್ತಿ, ಕುಡಿಕೆ, ಕೈಯಲ್ಲಿ ಕಳ್ಳು ಸುರಿಯಲೆಂದು ಹೊಂಬಾಳೆಗೆ ಬಡಿಯುವ ಮೂಳೆ. ಅವನ ಆ ಒಂದೇ ಫೋಟೊ ನೋಡಿ ಸುಗತನ್ ಮೂಗು ಮುರಿದರು. ಅಬಕಾರಿ ಇಲಾಖೆಯಲ್ಲಿ ಇಡೀ ಆಯುಷ್ಯ ಕಳ್ಳಿನ ಅನ್ನವನ್ನೇ ಉಂಡು ನಿವೃತ್ತರಾದವರು ಅವರು.

"ಅಲ್ಲಾ ತಂಗಮಣಿ ಚೇಚಿ, ಆ ಕಡೆ ಕವಿಗಳು, ಈ ಕಡೆ ನ್ಯಾಯಾಧೀಶರು, ನಡುವೆ ಕಳ್ಳಿನ ಕುಡಿಕೆ! ನೋಡಿದವರು ನಗಲ್ವಾ? ಕಳ್ಳು ಮುಟ್ಟಬೇಡಿ ಅಂತ ನಮ್ಮ ಸಮುದಾಯದ ಗುರುಗಳೇ ಹೇಳಿಲ್ವಾ?"

"ನನ್ನಪ್ಪ ಇಳಿಸ್ತಿದ್ದ ಸಾರ್, ಕುಡೀತಿರಲಿಲ್ಲ. ಕುಡಿಯೋರೆಲ್ಲ ನಿಮ್ಮ ಸಮಿತೀಲೇ ಕೂತಿದಾರಲ್ಲ!"

ಸುಗತನ್ ಕೆಮ್ಮಿದರು. "ಆಯ್ತು ಮಾರಾಯ್ತಿ, ಫೋಟೊ ಕೊಟ್ಟು ಹೋಗು. ಚಿತ್ರಗಾರ ಸ್ವಲ್ಪ ಸರಿ ಮಾಡ್ತಾನೆ."

ಅನಾವರಣದ ದಿನ ತಂಗಮಣಿ ಜರಿಯಂಚಿನ ಸೀರೆಯುಟ್ಟು, ಊರವರಿಗೆ ತೋರಿಸೋಣವೆಂದು ಅಪ್ಪನ ಮೂಳೆಯನ್ನೂ ಸೆರಗಲ್ಲಿ ಕಟ್ಟಿಕೊಂಡು ಬಂದಳು. ಪರದೆ ಸರಿಯಿತು. ಅಯ್ಯೋ ದೇವರೇ! ಕುಡಿಕೆ ಹೋಗಿ ಕಷಾಯದ ಭರಣಿಯಾಗಿದೆ, ಮೂಳೆ ಹೋಗಿ ಕುಟ್ಟಾಣಿಯಾಗಿದೆ, ಬರಿಮೈಗೆ ಶಾಲು ಬಿದ್ದಿದೆ. ಕೆಳಗೆ ಬಂಗಾರದ ಬಣ್ಣದಲ್ಲಿ 'ವೈದ್ಯರತ್ನ ಕೊಚ್ಚಪ್ಪಿ'. ಜನ ಚಪ್ಪಾಳೆ ತಟ್ಟಿದರು. ಖಜಾಂಚಿಯಂತೂ, "ನಮ್ಮಜ್ಜಿಯ ವಾತ ವಾಸಿ ಮಾಡಿದ್ದೇ ಇವರು!" ಎಂದು ಕಣ್ಣೊರೆಸಿಕೊಂಡ.

ತಂಗಮಣಿಗೆ ಮೈಯೆಲ್ಲ ಉರಿದುಹೋಯಿತು. ಸತ್ತ ಅಪ್ಪನನ್ನು ಮತ್ತೊಮ್ಮೆ ಸಾಯಿಸಿದರಲ್ಲ! ಎದ್ದವಳೇ ವೇದಿಕೆ ಏರಿದಳು. ಗೋಡೆಯ ಪಕ್ಕದ ಸ್ಟೂಲಿಗೆ ಕಾಲಿಟ್ಟು, ಗಂಟಲು ಹರಿಯುವಂತೆ ಕೂಗಿದಳು.

"ಕೂಯ್!"

ಸಭೆಯಲ್ಲಿದ್ದ ಮುದುಕಿಯರ ಕೈ ತಾನಾಗಿ ಮೇಲುವಸ್ತ್ರಕ್ಕೆ ಹೋಯಿತು. ಸುಗತನ್ ಸಾಹೇಬರು ಎರಡೂ ಕೈಯಲ್ಲಿ ತಮ್ಮ ಮುಂಡುಪಂಚೆಯ ಗಂಟು ಹಿಡಿದುಕೊಂಡರು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು.

"ನೋಡಿ, ವೈದ್ಯರು ಹೀಗೆ ಕೂಗ್ತಾರಾ? ನಿಮ್ಮ ಕೈಗೇ ಗೊತ್ತಿದೆ ಅವನ್ಯಾರು ಅಂತ," ಎಂದಳು ತಂಗಮಣಿ. "ನಿಮ್ಮೆಲ್ಲರ ಮಾನ ಮುಚ್ಚಲಿ ಅಂತ ಕೂಗಿದವನು ಅವನು. ನೀವು ಅವನನ್ನೇ ಮುಚ್ಚಿಬಿಟ್ರಲ್ಲ!"

ಪಟ ಕಳಚಿ ಅಧ್ಯಕ್ಷರ ಕುರ್ಚಿಗೆ ಒರಗಿಸಿದಳು. ಸೆರಗಿನ ಗಂಟು ಬಿಚ್ಚಿ, ಆ ಮೊಳೆಗೆ ಮೂಳೆಯನ್ನು ತೂಗುಹಾಕಿ ಕೆಳಗಿಳಿದಳು. ಅದನ್ನು ತೆಗೆಯಲು ಸುಗತನ್ ಏಳಬೇಕಿತ್ತು. ಆದರೆ ಅವರ ಎರಡೂ ಕೈ ಇನ್ನೂ ಮುಂಡಿನ ಗಂಟಿನ ಮೇಲೇ ಇದ್ದವು.